ಹಬ್ಬದ ಸಿಹಿ ಇರಲಿ, ಲಂಚದ ಸಿಹಿ ಹೋಗಲಿ

ನ್ಯೂಜೆರ್ಸಿಯಲ್ಲಿರುವ ಓದುಗರೊಬ್ಬರು ಬರೆದಿದ್ದಾರೆ: "ನನ್ನ ನಾಲ್ಕು ವರ್ಷದ ಮಗ ಮನೆ ಹತ್ತಿರದ ಯಹೂದಿ ನರ್ಸರಿ ಶಾಲೆಗೆ ಹೋಗುತ್ತಾನೆ. ಟೀಚರ್‌ಗಳು ಒಳ್ಳೆಯವರು. ಆದರೆ ಪ್ರತಿ ಶುಕ್ರವಾರ ಶಬ್ಬಾತ್ (ಅವರ ವಾರದ ವಿಶ್ರಾಂತಿ ದಿನ) ಎಂದು ಹಲ್ಲಾ ಎಂಬ ಬ್ರೆಡ್ಡು, ದ್ರಾಕ್ಷಿ ಜ್ಯೂಸು. ಹನುಕ್ಕಾ ಹಬ್ಬಕ್ಕೆ ಡೋನಟ್, ಚಾಕೊಲೇಟ್ ನಾಣ್ಯ. ಪೂರಿಮ್ ಹಬ್ಬಕ್ಕೆ ಚೀಲದ ತುಂಬ ಮಿಠಾಯಿ. ಹಾಡು ಹೇಳಿದರೂ ಕ್ಯಾಂಡಿ, ಸುಮ್ನೆ ಕೂತರೂ ಕ್ಯಾಂಡಿ. ಸಂಜೆ ಮನೆಗೆ ಬಂದು ಕುಣಿದಾಡುತ್ತಾನೆ. ಎಲ್ಲ ನಿಲ್ಲಿಸಿ ಎಂದು ಶಾಲೆಗೆ ಬರೆಯಲೇ?" ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ.

ಬರೆಯಿರಿ ತಾಯಿ, ಖಂಡಿತ ಬರೆಯಿರಿ. ಎಲ್ಲ ನಿಲ್ಲಿಸಿ ಅಂತ ಮಾತ್ರ ಬರೆಯಬೇಡಿ.

ನಿಮ್ಮ ಆತಂಕ ಸುಳ್ಳೇನಲ್ಲ. 2ರಿಂದ 18 ವರ್ಷದವರೆಗೆ, ಮೇಲಿಂದ ಸೇರಿಸಿದ ಸಕ್ಕರೆ ದಿನಕ್ಕೆ 25 ಗ್ರಾಂ ದಾಟಬಾರದು ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2016ರಲ್ಲೇ ಹೇಳಿದೆ. ಅಂದರೆ ಆರು ಟೀ ಚಮಚ. ಒಂದು ಡೋನಟ್ಟು, ಮೂರ್ನಾಲ್ಕು ಚಾಕೊಲೇಟ್ ನಾಣ್ಯ ಒಳಗೆ ಹೋದರೆ ಆ ದಿನದ ಲೆಕ್ಕ ಹೆಚ್ಚುಕಡಿಮೆ ಮುಗಿದ ಹಾಗೆ. ಒಪ್ಪಿದೆ.

ಆದರೆ ನಿಮ್ಮ ಪಟ್ಟಿಯಲ್ಲಿ ಹಬ್ಬದ ಸಿಹಿಯೂ, ಹಾಡಿದ್ದಕ್ಕೆ ಕೂತದ್ದಕ್ಕೆ ಕೊಡುವ ಲಂಚದ ಸಿಹಿಯೂ ಒಟ್ಟಿಗೆ ಕೂತಿವೆ. ಮೊದಲನೆಯದರ ತಂಟೆಗೆ ಹೋಗಬೇಡಿ. ಜೆರುಸಲೇಮಿನ ದೇವಾಲಯದ ದೀಪದಲ್ಲಿ ಒಂದು ದಿನಕ್ಕಾಗುವಷ್ಟೇ ಇದ್ದ ಎಣ್ಣೆ ಎಂಟು ದಿನ ಉರಿಯಿತು ಎಂಬ ನೆನಪಿಗೆ ಹನುಕ್ಕಾದಲ್ಲಿ ಎಣ್ಣೆಯಲ್ಲಿ ಕರಿದದ್ದು ತಿನ್ನುತ್ತಾರೆ. ಜಾಮ್ ತುಂಬಿದ ಆ ಡೋನಟ್ಟಿನ ಹಿಂದೆ ಒಂದು ಕಥೆ ಇದೆ. ಪೂರಿಮ್ ದಿನ ಒಬ್ಬರಿಗೊಬ್ಬರು ತಿನಿಸು ಕಳಿಸಬೇಕು ಎಂಬುದು ಅವರ ಧರ್ಮಗ್ರಂಥದ ಭಾಗವಾದ ಎಸ್ತೇರಳ ಗ್ರಂಥದಲ್ಲೇ ಇದೆ. ಕಡಿಮೆಯೆಂದರೆ ಎರಡು ಬಗೆ, ಹಾಗೇ ತಿನ್ನುವಂಥದ್ದು. ನಮ್ಮ ಸಂಕ್ರಾಂತಿಯ ಹಾಗೇ ಅಲ್ವಾ? ನೀವೂ ಎಳ್ಳು ಬೀರಿ ಬೆಳೆದವರೇ ಇರಬೇಕು. ನಮ್ಮ ಮಗುವಿಗೆ ಸಕ್ಕರೆ ಅಚ್ಚು ಕೊಡಬೇಡಿ ಎಂದು ಪಕ್ಕದ ಮನೆಯವರು ಚೀಟಿ ಕಳಿಸಿದ್ದರೆ ನಿಮ್ಮ ಅಜ್ಜಿ ಏನನ್ನುತ್ತಿದ್ದರು?

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಹೊಸವರ್ಷಕ್ಕೆ ಅವರು ಸೇಬಿನ ಹೋಳು ಜೇನಿನಲ್ಲಿ ಅದ್ದಿ ತಿನ್ನುತ್ತಾರೆ. ತು ಬಿಶ್ವಾತ್ ಎಂದು ಮರಗಳಿಗೇ ಒಂದು ಹೊಸವರ್ಷವಿದೆ. ಅವತ್ತು ಅಂಜೂರ, ಖರ್ಜೂರ, ಬಾದಾಮಿ, ದಾಳಿಂಬೆ. ಇವೆಲ್ಲ ನಿಮ್ಮ ಪತ್ರದಲ್ಲಿ ಯಾಕಿಲ್ಲ? ದೂರು ಬರೆಯಲು ಕೂತವರಿಗೆ ದೂರಿಗೆ ಒದಗುವುದಷ್ಟೇ ನೆನಪಾಗುತ್ತದೆ. ನಾವು ಸಂಪಾದಕರಿಗೂ ಈ ಕಾಯಿಲೆ ಇದೆ.

ದ್ರಾಕ್ಷಿ ರಸದ ವಿಷಯ. ಹುಳಿ ಬರದ ಹಾಗೆ ಅದನ್ನು ಕಾಯಿಸಿ ಬಾಟಲಿಗೆ ತುಂಬುವುದು ಶುರುವಾದದ್ದು ನಿಮ್ಮ ನ್ಯೂಜೆರ್ಸಿಯಲ್ಲೇ. ವೈನ್‌ಲ್ಯಾಂಡ್ ಊರಿನಲ್ಲಿ 1869ರಲ್ಲಿ ಥಾಮಸ್ ವೆಲ್ಚ್ ಅದನ್ನು ಮಾಡಿದರು. ವೃತ್ತಿಯಲ್ಲಿ ಅವರು ಹಲ್ಲಿನ ಡಾಕ್ಟರು! 240 ಮಿಲಿ ಲೋಟದಲ್ಲಿ ಸುಮಾರು 36 ಗ್ರಾಂ ಸಕ್ಕರೆ. ಪ್ರಾರ್ಥನೆ ಹೇಳಿ ಕುಡಿಯುವ ಒಂದು ಗುಟುಕಿಗೆ ನನ್ನ ತಕರಾರಿಲ್ಲ. ಊಟದ ಜೊತೆ ಅದನ್ನೇ ಲೋಟಗಟ್ಟಲೆ ಸುರಿದರೆ ಕೇಳಿ.

ಈಗ ಲಂಚಕ್ಕೆ ಬರೋಣ. ನನಗೆ ಸಿಟ್ಟು ಬರುವುದು ಇಲ್ಲೇ. ಯಹೂದಿಗಳಲ್ಲಿ ಇದು ಹಳೆಯ ಚರ್ಚೆ. ಓದು ಶುರುಮಾಡುವ ಮಗು ಜೇನು ಸವರಿದ ಅಕ್ಷರಗಳನ್ನು ನೆಕ್ಕುವ ಪದ್ಧತಿ ಮಧ್ಯಯುಗದ ಜರ್ಮನಿಯಲ್ಲಿತ್ತು. ಬಾಳಲ್ಲಿ ಒಂದೇ ಸಲ. ಹನ್ನೆರಡನೇ ಶತಮಾನದ ಪಂಡಿತ, ವೈದ್ಯ ಮೈಮೊನೈಡಿಸ್ ಒಂದು ದೃಷ್ಟಾಂತ ಕೊಡುತ್ತಾನೆ. ಓದಿದರೆ ಅಂಜೂರ ಕೊಡುತ್ತೇನೆ, ಜೇನು ಕೊಡುತ್ತೇನೆ ಎಂದು ಮೇಷ್ಟ್ರು ಮಗುವಿಗೆ ಆಸೆ ತೋರಿಸುತ್ತಾರೆ. ಬೆಳೆದ ಮೇಲೆ ಚಪ್ಪಲಿ, ಆಮೇಲೆ ದುಡ್ಡು, ಆಮೇಲೆ ಪದವಿ. ಇದೆಲ್ಲ ಹೀನವೇ, ಮನುಷ್ಯನ ಬುದ್ಧಿ ಚಿಕ್ಕದಾದ್ದರಿಂದ ಬೇಕಾಗಿದೆ ಎಂದು ಅವನೇ ಹೇಳುತ್ತಾನೆ. ಆ ಮೇಷ್ಟ್ರು ಕೊಟ್ಟದ್ದು ಅಂಜೂರವಾದರೂ ಆಗಿತ್ತು!

ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಯಾನ್ ಬರ್ಚ್ ನಿಮ್ಮ ಮಗನ ವಯಸ್ಸಿನ ಮಕ್ಕಳ ಜೊತೆಗೇ ಕೆಲಸ ಮಾಡಿದವರು. ಬಹುಮಾನವಾಗಿ ಕೊಟ್ಟ ತಿನಿಸು ಮಕ್ಕಳಿಗೆ ಇನ್ನೂ ಇಷ್ಟವಾಗುತ್ತದೆ ಎಂದು ಅವರ ತಂಡ 1980ರಲ್ಲೇ ತೋರಿಸಿತು. 1999ರ ಇನ್ನೊಂದು ಪ್ರಯೋಗ ನಿಮಗೆ ಬೇಕಾದದ್ದು. ಹಣ್ಣು ತುಂಬಿದ ಎರಡು ಬಗೆಯ ಬಿಸ್ಕತ್ತಿನಲ್ಲಿ ಒಂದಕ್ಕೆ ತಡೆ ಹಾಕಿದಾಗ ಮಕ್ಕಳಿಗೆ ಅದರದ್ದೇ ಮಾತು, ಅದೇ ಬೇಕು ಎಂಬ ಹಟ. ಕೊಟ್ಟು ಕುಣಿಸುವ ಶಾಲೆಗೂ ಪೂರ್ತಿ ಬೇಡ ಎನ್ನುವ ಅಮ್ಮನಿಗೂ ಇದರಲ್ಲಿ ಪಾಠವಿದೆ. ಅಂದಹಾಗೆ ಆ ಕುಣಿತ. 1994ರಲ್ಲಿ ಬೇರೆ ಸಂಶೋಧಕರು ಕೆಲವು ತಾಯಂದಿರಿಗೆ, ನಿಮ್ಮ ಮಗನಿಗೆ ಸಕ್ಕರೆ ಕುಡಿಸಿದ್ದೇವೆ ಎಂದು ಸುಳ್ಳು ಹೇಳಿದರು. ಕೊಟ್ಟದ್ದು ಸಕ್ಕರೆಯಿಲ್ಲದ ಪಾನೀಯ. ಆದರೂ ಆ ತಾಯಂದಿರಿಗೆ ಮಗನ ಹಾರಾಟ ಜಾಸ್ತಿ ಕಂಡಿತು!

ಇದು ನಿಮ್ಮ ಶಾಲೆಯೊಂದರ ಮಾತಲ್ಲ. ಮಗ್ಗಿ ಹೇಳಿದರೆ ಚಾಕೊಲೇಟ್, ಹಲ್ಲುಜ್ಜಿದರೆ ಸ್ಟಿಕರ್, ತರಕಾರಿ ತಿಂದರೆ ಮೊಬೈಲು. ಬೆಂಗಳೂರಿನ ನಮ್ಮ ಪಕ್ಕದ ಮನೆಯ ಹುಡುಗನನ್ನು ಒಂದು ಹಾಡು ಹೇಳಪ್ಪಾ ಅಂದರೆ, "ಏನ್ ಕೊಡ್ತೀರಾ ಅಂಕಲ್?" ಎನ್ನುತ್ತಾನೆ. ಅವನನ್ನು ಬೈದು ಏನು ಪ್ರಯೋಜನ? ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆದು, ಫೋನು ಕೊಡುವ ಪದಕವನ್ನು ಊರಿಗೆಲ್ಲ ತೋರಿಸುವವರು ನಾವು. ಹಾಡಿದ ಖುಷಿಗೆ ಹಾಡುವುದು, ಹಸಿದಾಗ ತಿನ್ನುವುದು, ಎರಡೂ ದೊಡ್ಡವರಿಗೇ ಮರೆತುಹೋಗಿವೆ.

ಆದ್ದರಿಂದ ಶಾಲೆಗೆ ಹೀಗೆ ಬರೆಯಿರಿ: ಹಬ್ಬ ಹಬ್ಬದ ಹಾಗೇ ನಡೆಯಲಿ, ತರಗತಿಯ ಕ್ಯಾಂಡಿ ಡಬ್ಬಿ ಮುಚ್ಚಿಬಿಡಿ. ಹುಟ್ಟುಹಬ್ಬಕ್ಕೂ ದಾರಿ ಇದೆ. ಕೋಶರ್ ನಿಯಮ (ಯಹೂದಿಗಳ ಆಹಾರದ ಕಟ್ಟಳೆ), ಕಡಲೆಬೀಜದ ಅಲರ್ಜಿ ಎರಡೂ ಸೇರಿ, ಮನೆಯಲ್ಲಿ ಮಾಡಿದ್ದನ್ನು ಇಂಥ ಅನೇಕ ಶಾಲೆಗಳು ತರಗತಿಗೆ ಬಿಡುವುದಿಲ್ಲ. ಹಾಗಾಗಿ ಅಪ್ಪ ಅಮ್ಮಂದಿರು ಕೋಶರ್ ಮುದ್ರೆ ಇರುವ ಕಾರ್ಖಾನೆ ಪೊಟ್ಟಣ ಹುಡುಕುತ್ತಾರೆ. ಮುದ್ರೆ ಇದ್ದಮಾತ್ರಕ್ಕೆ ಸಕ್ಕರೆ ಕಡಿಮೆಯಾಗುತ್ತದೆಯೇ? ಅದೇ ಕತ್ತರಿಸದ ಇಡೀ ಹಣ್ಣಿಗೆ ಸಾಮಾನ್ಯವಾಗಿ ಯಾವ ಮುದ್ರೆಯೂ ಬೇಡ. ಒಂದು ಮಾತು ಟೀಚರನ್ನು ಕೇಳಿಕೊಂಡು, ಬಾಳೆಹಣ್ಣೋ ಸಣ್ಣ ಕಿತ್ತಳೆಯೋ ಒಂದು ಬುಟ್ಟಿ ಕಳಿಸಿ. ದ್ರಾಕ್ಷಿ ಮಾತ್ರ ಬೇಡ. ಇಡೀ ದ್ರಾಕ್ಷಿ ಆ ವಯಸ್ಸಿನವರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಹೆಚ್ಚಿ ಕಳಿಸೋಣವೆಂದರೆ ಕೋಶರ್ ಅಲ್ಲದ ನಿಮ್ಮ ಮನೆಯ ಚಾಕುವಿಗೆ ಅಲ್ಲಿ ಪರವಾನಗಿ ಇಲ್ಲ.