ಕಲಬುರಗಿಯಲ್ಲಿ ತೆಗೆದ ಸಿನಿಮಾವನ್ನು ಡಿವಿಡಿ ಮಾಡಿ ಮಾರಲು ಸೆನ್ಸಾರ್ ಸರ್ಟಿಫಿಕೇಟ್ ಬೇಕಾ?

ಬೇಕು. ಜಾತ್ರೆಯಲ್ಲಿ ಅಂಗಡಿ ಹಾಕಿ ಮಾರೋದಕ್ಕೆ ಯಾಕೆ ಅಂತ ನೀವು ಕೇಳಿದ್ದೀರಿ. ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 52ಎ ಕಲಂ ನೋಡಿ. ಸೆನ್ಸಾರ್ ಆಗಬೇಕಾದ ಸಿನಿಮಾವನ್ನು ವಿಡಿಯೊ ಮಾಡಿ ಬಿಡುಗಡೆ ಮಾಡುವಾಗ ಸರ್ಟಿಫಿಕೇಟಿನ ಪ್ರತಿ ಕವರ್ ಮೇಲೂ ಇರಬೇಕು, ಪರದೆ ಮೇಲೂ ಬರಬೇಕು. ಜೊತೆಗೆ ವಿಡಿಯೊ ಮಾಡಿದವರ ಮತ್ತು ಹಕ್ಕುದಾರರ ಹೆಸರು, ವಿಳಾಸ, ಹಕ್ಕುದಾರರ ಒಪ್ಪಿಗೆ ಪಡೆದಿದ್ದೇವೆ ಅನ್ನೋ ಘೋಷಣೆ ಕೂಡ ಬೇಕು. ಶರಣಬಸವೇಶ್ವರ ಜಾತ್ರೆಯಲ್ಲಿ ನಾನು ಒಂದು ಡಿವಿಡಿ ತಿರುಗಿಸಿ ನೋಡಿದೆ. ಹಿಂದೆ ಬರೀ ಒಂದು ಫೋನ್ ನಂಬರ್. ಮಕ್ಕಳು ನೋಡಬಹುದಾ ಅಂತ ತಾಯಿಗೆ ಗೊತ್ತಾಗೋದು ಹೇಗೆ? ನನಗೆ ನಿಜಕ್ಕೂ ಬೇಜಾರಾಯಿತು.

ಅರ್ಜಿ ಆನ್‌ಲೈನ್‌ನಲ್ಲಿ, ಇ-ಸಿನೆಪ್ರಮಾಣ್ ಪೋರ್ಟಲ್‌ನಲ್ಲಿ ಹಾಕಬೇಕು. ಸರ್ಟಿಫಿಕೇಟ್ ಕೊಡುವ ಕೇಂದ್ರ ಸೆನ್ಸಾರ್ ಮಂಡಳಿಯ ಮುಖ್ಯ ಕಚೇರಿ ಮುಂಬೈನಲ್ಲಿದ್ದರೂ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲೇ ಇದೆ.

ಸರ್ಟಿಫಿಕೇಟಿನಲ್ಲಿ ಯು ಅಂದ್ರೆ ಎಲ್ಲರಿಗೂ, ಎ ಅಂದ್ರೆ ದೊಡ್ಡವರಿಗೆ ಮಾತ್ರ. ನಡುವಿನ ಯುಎ, ಅಂದ್ರೆ ಹೇಳಿದ ವಯಸ್ಸಿಗಿಂತ ಚಿಕ್ಕ ಮಕ್ಕಳು ಹೆತ್ತವರ ಮಾರ್ಗದರ್ಶನದಲ್ಲಿ ನೋಡಬೇಕಾದದ್ದು, ಈಗ ಮೂರಾಗಿದೆ: 7+, 13+, 16+. ಇದು ಸಿನಿಮಾಟೋಗ್ರಾಫ್ ಕಾಯ್ದೆಯ 2023ರ ತಿದ್ದುಪಡಿಯಿಂದ ಬಂದದ್ದು, ಮನೆಯವರಿಗೆ ತುಂಬಾ ಉಪಯೋಗ.

ಒಂದು ಎಚ್ಚರಿಕೆ. ಸರ್ಟಿಫಿಕೇಟ್ ಬಂದ ಮೇಲೆ ಡಿವಿಡಿಗೆಂದು ಸುಮ್ನೆ ಒಂದು ಹಾಡು ಸೇರಿಸಿದರೂ, ದೃಶ್ಯ ಕತ್ತರಿಸಿದರೂ ಮಂಡಳಿಗೆ ತಿಳಿಸಲೇಬೇಕು. ಅದಕ್ಕೇ ಎಡಿಟಿಂಗ್ ಪೂರ್ತಿ ಮುಗಿಸಿಯೇ ಅರ್ಜಿ ಹಾಕಿ.