ಟೂಲ್ ಕೊಟ್ಟರೂ ಕನಿಷ್ಠ ದಾರಿ ತಪ್ಪಾಗುವುದೇಕೆ?

ನಲವತ್ತು ನೋಡ್‌ಗಳ (ಊರು, ಜಂಕ್ಷನ್‌ನಂಥ ಬಿಂದುಗಳ) ರಸ್ತೆ ಗ್ರಾಫನ್ನು ವಾಕ್ಯಗಳಲ್ಲಿ ಕೊಟ್ಟು, ಗ್ರಾಫ್ ಲೆಕ್ಕ ಮಾಡುವ ಪೈಥಾನ್ ಲೈಬ್ರರಿ ನೆಟ್‌ವರ್ಕ್‌ಎಕ್ಸ್ ಅನ್ನು ಟೂಲ್ ಆಗಿ ಜೋಡಿಸಿದರೂ ಎಐ ಭಾಷಾ ಮಾಡೆಲ್ ಕನಿಷ್ಠ ದಾರಿಯ ದೂರವನ್ನು ತಪ್ಪಾಗಿ ಹೇಳುತ್ತಿದೆ ಎಂದಿದ್ದೀರಿ. ಅಲ್ಗಾರಿದಮ್ ಮೇಲೆ ಅನುಮಾನ ಬೇಡ. ಇಂಥ ಕಡೆ ಎಡವುವುದು ಹೆಚ್ಚಾಗಿ ವಾಕ್ಯದಿಂದ ಎಡ್ಜ್‌ಗಳನ್ನು (ಎರಡು ನೋಡ್‌ಗಳನ್ನು ಜೋಡಿಸುವ ರಸ್ತೆಗಳನ್ನು) ಹೆಕ್ಕುವಾಗ, ಇಲ್ಲವೇ ಟೂಲ್ ಅನ್ನು ಕರೆಯುವಾಗ.

ಕೆಲಸವನ್ನು ಎರಡಾಗಿ ಒಡೆಯಿರಿ. ಮೊದಲ ಕರೆಯಲ್ಲಿ ಮಾಡೆಲ್ ಬರೀ ಜೇಸನ್ (ಕೋಡ್ ಓದಬಲ್ಲ ಪಟ್ಟಿಯ ರೂಪ) ಕೊಡಲಿ: ಎಲ್ಲಿಂದ, ಎಲ್ಲಿಗೆ, ತೂಕ (ಇಲ್ಲಿ ರಸ್ತೆಯ ಕಿಲೋಮೀಟರ್), ಏಕಮುಖವೋ ದ್ವಿಮುಖವೋ. ಎಡ್ಜ್‌ಗಳ ಎಣಿಕೆಯನ್ನು ನಿಮ್ಮ ಕೋಡ್ ಮೂಲ ಪಠ್ಯದ ರಸ್ತೆಗಳ ಎಣಿಕೆಯೊಂದಿಗೆ ತಾಳೆ ನೋಡಲಿ. ಹೊಂದದಿದ್ದರೆ ಮುಂದಕ್ಕೆ ಬಿಡಬೇಡಿ. ಆಮೇಲೆ ಲೆಕ್ಕ ಟೂಲ್‌ನದ್ದು.

ಟೂಲ್ ಒಳಗೂ ಬಲೆಗಳಿವೆ. ಕನಿಷ್ಠ ದಾರಿ ಹುಡುಕುವ ಶಾರ್ಟೆಸ್ಟ್ ಪಾತ್ ಫಂಕ್ಷನ್‌ಗೆ ವೇಟ್ (ತೂಕ ಯಾವುದೆಂದು) ಹೆಸರಿಸದಿದ್ದರೆ ಅದು ಕಿಲೋಮೀಟರ್ ಬಿಟ್ಟು ಎಡ್ಜ್‌ಗಳನ್ನಷ್ಟೇ ಎಣಿಸುತ್ತದೆ, ಎರರ್ ಕೂಡ ಬರುವುದಿಲ್ಲ. ನಿಮ್ಮದು ಬಹುಶಃ ಇದೇ. ಮೊದಲು ಇದನ್ನೇ ನೋಡಿ. ಏಕಮುಖ ರಸ್ತೆಗಳಿದ್ದರೆ ಡೈಗ್ರಾಫ್ (ಎಡ್ಜ್‌ಗಳಿಗೆ ದಿಕ್ಕಿರುವ ಗ್ರಾಫ್) ಬೇಕು. ಒಂದೇ ಜೋಡಿ ನೋಡ್‌ಗಳ ನಡುವೆ ಎರಡು ರಸ್ತೆಗಳಿದ್ದರೆ ಸಾಮಾನ್ಯ ಗ್ರಾಫ್‌ನಲ್ಲಿ ಎರಡನೆಯ ತೂಕ ಮೊದಲನೆಯದನ್ನು ಅಳಿಸುತ್ತದೆ, ಎರಡನ್ನೂ ಇಟ್ಟುಕೊಳ್ಳುವ ಮಲ್ಟಿಡೈಗ್ರಾಫ್ ಬಳಸಿ. 7 ಎಂಬ ಸಂಖ್ಯೆಯೂ "7" ಎಂಬ ಸ್ಟ್ರಿಂಗೂ (ಪಠ್ಯವೂ) ಟೂಲ್‌ಗೆ ಬೇರೆಬೇರೆ ನೋಡ್‌ಗಳು, ಎಲ್ಲವನ್ನೂ ಸ್ಟ್ರಿಂಗ್ ಮಾಡಿಬಿಡಿ.

ಎರರ್ ಬಂದರೆ ಅದರ ಪೂರ್ತಿ ಪಠ್ಯವನ್ನು ಮಾಡೆಲ್‌ಗೆ ಹಿಂತಿರುಗಿಸಿ, ಎರಡು ಸಲ ತಿದ್ದಲು ಬಿಡಿ. ಕೊನೆಯ ಉತ್ತರದ ಸಂಖ್ಯೆಯನ್ನು ಟೂಲ್‌ನ ಫಲಿತಾಂಶದಿಂದಲೇ ನೇರವಾಗಿ ತುಂಬಿ, ಮಾಡೆಲ್ ಮತ್ತೆ ಕೂಡಿಸಲು ಹೋಗದಿರಲಿ.