ಬಿರುಗಾಳಿ ನಿಂತ ಮೇಲೆ ಏನಾಯಿತು?

ನಮಸ್ಕಾರ.

‘ಅಮೇಜಿಂಗ್ ಗ್ರೇಸ್’ ಎಂಬ ಇಂಗ್ಲಿಷ್ ಭಕ್ತಿಗೀತೆಯ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಕಥೆಯಲ್ಲಿ ಗುಲಾಮರ ಹಡಗಿನ ಕ್ಯಾಪ್ಟನ್ ಜಾನ್ ನ್ಯೂಟನ್ ಬಿರುಗಾಳಿಗೆ ಸಿಕ್ಕುತ್ತಾನೆ, ದೇವರನ್ನು ಕರೆಯುತ್ತಾನೆ, ದಡ ಸೇರಿದವನೇ ದಂಧೆ ಬಿಟ್ಟು ಹಾಡು ಬರೆಯುತ್ತಾನೆ. ಓದಲು ಚೆನ್ನಾಗಿದೆ. ನಡೆದದ್ದು ಹಾಗಲ್ಲ.

ಬಿರುಗಾಳಿ 1748ರ ಮಾರ್ಚಿನದು. ಆಗ ಆತ ಕ್ಯಾಪ್ಟನ್ ಆಗಿರಲೇ ಇಲ್ಲ. ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ಪಂಪ್ ಹೊಡೆದು ನೀರು ಹೊರಹಾಕಿದ, ಆಮೇಲೆ ಚುಕ್ಕಾಣಿ ಹಿಡಿದು ನಿಂತ. ಕ್ಯಾಪ್ಟನ್ ಆದದ್ದು ಬದುಕಿ ಬಂದ ಮೇಲೆ. ಮೂರು ಸಲ ಹಡಗಿನಲ್ಲಿ ಗುಲಾಮರನ್ನು ಸಾಗಿಸಿದ. 1754ರಲ್ಲಿ ಸಮುದ್ರ ಬಿಟ್ಟದ್ದು ಕಾಯಿಲೆ ಬಿದ್ದು. ಆ ವ್ಯಾಪಾರದ ವಿರುದ್ಧ ಪುಸ್ತಿಕೆ ಬರೆದದ್ದು 1788ರಲ್ಲಿ. ನಡುವಿನ 34 ವರ್ಷವನ್ನು ನೀವು “ಆ ಕ್ಷಣವೇ” ಅಂತ ಮುಗಿಸಿಬಿಟ್ಟಿದ್ದೀರಿ!

ಹಾಡು ಹುಟ್ಟಿದ್ದು ಇಂಗ್ಲೆಂಡಿನ ಓಲ್ನಿ ಎಂಬ ಸಣ್ಣ ಊರಿನಲ್ಲಿ. ನ್ಯೂಟನ್ ಅಲ್ಲಿ ಪಾದ್ರಿಯಾಗಿದ್ದಾಗ 1773ರ ಹೊಸವರ್ಷದ ಚರ್ಚಿನ ಉಪದೇಶಕ್ಕೆಂದು ಬರೆದದ್ದು. ಅವತ್ತಿನ ವಾಕ್ಯ ಬೈಬಲ್ಲಿನ ಒಂದನೇ ಪೂರ್ವಕಾಲವೃತ್ತಾಂತದ 17ನೇ ಅಧ್ಯಾಯದ್ದು. ಕುರಿ ಕಾಯುತ್ತಿದ್ದ ದಾವೀದ ಅರಸನಾದ ಮೇಲೆ, ನಾನು ಎಷ್ಟರವನು, ನನ್ನನ್ನು ಇಲ್ಲಿಯವರೆಗೆ ತಂದಿದ್ದೀಯಲ್ಲಾ ಎಂದು ದೇವರ ಮುಂದೆ ಕೂರುವ ಜಾಗ ಅದು. ಹಾಡಿನ ಜೀವ ಇರುವುದು ಇಲ್ಲೇ. ಇಲ್ಲಿಯವರೆಗೆ ತಂದದ್ದೂ ಕೃಪೆ, ಮನೆ ಮುಟ್ಟಿಸುವುದೂ ಕೃಪೆ ಎನ್ನುತ್ತದೆ ಮೂರನೇ ಚರಣ. ಅಂದರೆ ದಾರಿ ಇನ್ನೂ ಇದೆ ಅಂತ ತಾನೇ? ಕುರುಡನಾಗಿದ್ದೆ, ಈಗ ಕಾಣುತ್ತಿದೆ ಎಂದು ಹಾಡಿದವನಿಗೆ, ತನ್ನ ಹಡಗಿನ ತಳದಲ್ಲಿ ಸಂಕೋಲೆಯಲ್ಲಿ ಬಿದ್ದಿದ್ದವರ ಬಗ್ಗೆ ಆ ಪುಸ್ತಿಕೆ ಬರೆಯಲು ಇನ್ನೂ 15 ವರ್ಷ ಹಿಡಿಯಿತು. ಇದನ್ನು ಮುಚ್ಚಿಟ್ಟರೆ ಹಾಡೇ ಸಣ್ಣದಾಗುತ್ತದೆ.

“ಹೃದಯ ಕರಗಿತು” ನಾಲ್ಕು ಕಡೆ ಬಂದಿದೆ. ನಾಲ್ಕನೇ ಸಲ ನನಗೇನೂ ಕರಗಲಿಲ್ಲ. ಆದರೆ ನಿಮ್ಮ ಅಜ್ಜಿ ಚರ್ಚಿನಲ್ಲಿ ಹಾರ್ಮೋನಿಯಂಗಿಂತ ಅರ್ಧ ಸಾಲು ಹಿಂದೆ ಹಾಡುತ್ತಿದ್ದರು, ಎಲ್ಲರೂ ನಿಲ್ಲಿಸಿದ ಮೇಲೂ ಅವರ ದನಿ ಒಂದೇ ಉಳಿಯುತ್ತಿತ್ತು ಅಂತ ಬರೆದಿದ್ದೀರಲ್ಲ, ಅದನ್ನು ಯಾಕೆ ಮೂರನೇ ಪುಟದಲ್ಲಿ ಬಚ್ಚಿಟ್ಟಿರಿ? ಅಲ್ಲಿಂದಲೇ ಶುರು ಮಾಡಿ. ಬಿರುಗಾಳಿಗೆ ಎರಡು ಸಾಲು ಸಾಕು.

ರಾಗವನ್ನು ನ್ಯೂಟನ್ ಗುಲಾಮರ ಬಾಯಲ್ಲಿ ಕೇಳಿ ಕಲಿತ ಎಂಬ ಮಾತು ತೆಗೆಯಿರಿ. ಆತ ತೀರಿಕೊಂಡದ್ದು 1807ರಲ್ಲಿ, ಈಗಿನ ರಾಗಕ್ಕೆ ಈ ಪದಗಳನ್ನು ಅಮೆರಿಕದ ವಿಲಿಯಂ ವಾಕರ್ ಕೂಡಿಸಿದ್ದು 1835ರಲ್ಲಿ. ಆಮೇಲೆ, ‘ಹತ್ತು ಸಾವಿರ ವರ್ಷ’ದ ಕೊನೆಯ ಚರಣಕ್ಕೆ ನ್ಯೂಟನ್‌ನನ್ನು ಒಂದಿಡೀ ಪುಟ ಹೊಗಳಿದ್ದೀರಿ. ಅದು ಆತ ಬರೆದದ್ದೇ ಅಲ್ಲ.

ತಿದ್ದಿ ಕಳಿಸಿ, ಕಾಯುತ್ತೇನೆ.